‘ನನ್ನಿಂದ ಆಗುತ್ತಾ?’ ಅನ್ನೋದನ್ನು ಯಾರಿಗೆ ಹೇಳೋದು: ಗೆಳತಿಗೋ, ಹಿರಿಯರಿಗೋ, ಸಹಾಯವಾಣಿಗೋ?

‘ನನ್ನಿಂದ ಆಗುತ್ತಾ?’ ಅನ್ನುವ ಅನುಮಾನ ಒಳಗೇ ಕೊರೆಯುತ್ತಿದ್ದರೆ ಯಾರಿಗಾದರೂ ಹೇಳಿಕೊಳ್ಳಿ. ಯಾರಿಗೆ ಅನ್ನುವುದೇ ಪ್ರಶ್ನೆ.

ಗೆಳತಿಗೆ ಹೇಳುವುದು ಸುಲಭ. ಹಾಸನದಲ್ಲಿ ನಾನು ಪಾಠ ಮಾಡಲು ಶುರು ಮಾಡಿದ ವರ್ಷ, ಮಹಾರಾಜ ಪಾರ್ಕಿನಲ್ಲಿ ಕೂತು ಹೇಳಿದ್ದೆ: ‘ಬೋರ್ಡ್ ಕಡೆ ತಿರುಗಿದರೆ ಸಾಕು, ಮಕ್ಕಳು ನಗ್ತಿದ್ದಾರೆ ಅನ್ಸುತ್ತೆ ಕಣೇ.’ ಕೈಯಲ್ಲಿದ್ದ ಚುರುಮುರಿ ಮೆತ್ತಗಾಗುವವರೆಗೂ ಅವಳು ಕೇಳಿದಳು. ಎದೆ ಹಗುರಾಯಿತು. ಕೊನೆಗೆ ‘ನೀನು ಚೆನ್ನಾಗೇ ಮಾಡ್ತೀಯ, ತಲೆ ಕೆಡಿಸ್ಕೋಬೇಡ’ ಎಂದಳು. ಆದರೆ ಅವಳು ನನ್ನ ಪಾಠ ನೋಡಿರಲಿಲ್ಲ ಅಲ್ವಾ? ಮರುದಿನ ತರಗತಿ ಬಾಗಿಲಲ್ಲಿ ಮತ್ತದೇ ನಡುಕ.

ಅದೇ ಕೆಲಸ ಮಾಡುವ ಹಿರಿಯರಿಗೆ ಹೇಳಲು ಧೈರ್ಯ ಜಾಸ್ತಿ ಬೇಕು. ನಮ್ಮ ಹಿರಿಯ ಮೇಷ್ಟ್ರು ಸುಮ್ನೆ ಸಮಾಧಾನ ಹೇಳಲಿಲ್ಲ. ‘ನನಗೂ ಎರಡು ವರ್ಷ ಹೀಗೇ ಇತ್ತಮ್ಮ. ಮೊದಲ ಐದು ನಿಮಿಷ ಏನು ಹೇಳ್ತೀಯ ಅಂತ ಬರೆದಿಟ್ಟುಕೋ’ ಎಂದರು. ಅದು ಕೈ ಹಿಡಿಯಿತು. ಕೆಲಸದ ಬಗೆಗಿನ ಅನುಮಾನಕ್ಕೆ ನನ್ನ ಆಯ್ಕೆ ಇದೇ. ಮಾತನ್ನು ಸ್ಟಾಫ್ ರೂಮಿನಲ್ಲಿ ಹರಡದವರನ್ನು ಮಾತ್ರ ಆರಿಸಿಕೊಳ್ಳಿ. (ಚೆನ್ನಾಗಿ ಕೆಲಸ ಮಾಡುವವರಿಗೂ ‘ನಾನು ಯೋಗ್ಯಳಲ್ಲ’ ಅನ್ನಿಸುವುದರ ಬಗ್ಗೆ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞೆಯರು 1978ರಲ್ಲೇ ಬರೆದಿದ್ದಾರೆ. ನೀವೊಬ್ಬರೇ ಅಲ್ಲ.)

ನಿದ್ದೆ, ಊಟ ಎರಡೂ ಕೆಟ್ಟಿದ್ದರೆ, ಬದುಕೇ ಬೇಡ ಅನ್ನಿಸಿದರೆ ಟೆಲಿ ಮಾನಸ್, ನಂಬರ್ 14416. ಇದು 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಪರಿಚಯದವರಲ್ಲದ ಕಾರಣ ಸಂಕೋಚವೂ ಕಮ್ಮಿ. ಅಂಥ ಹೊತ್ತಲ್ಲಿ ಗೆಳತಿಯೋ ಮೇಷ್ಟ್ರೋ ಅಂತ ಯೋಚಿಸುತ್ತಾ ಕೂರಬೇಡಿ, ಮೊದಲು ಅಲ್ಲಿಗೆ ಫೋನ್ ಮಾಡಿ.