ಪುರಸಭೆ ಜಾಗ ಕೊಡಿಸ್ತೇನೆ ಅಂದವರಿಗೆ ನಾನು ಕೊಟ್ಟ ಒಂದೂವರೆ ಲಕ್ಷ

ಕಳೆದ ವಾರ ಒಬ್ಬರು ನನ್ನ ಅಂಗಡಿಗೆ ಪುರಸಭೆಯ ನಿರ್ಣಯ ಅನ್ನುವ ಒಂದು ಹಾಳೆ ಹಿಡಿದುಕೊಂಡು ಬಂದರು. "ಇದರದ್ದು ಎರಡು ಕಾಪಿ ಕೊಡಿ ಮಾರಾಯ್ರೆ, ಸ್ವಲ್ಪ ಡಾರ್ಕ್ ಇರಲಿ" ಅಂದರು. ಹಾಳೆ ನೋಡಿದ ಕೂಡಲೇ ನನ್ನ ಕೈ ನಿಂತಿತು. ಎರಡು ವರ್ಷದ ಹಿಂದೆ ಇದೇ ಹಾಳೆ ನಂಬಿ ನಾನು ಒಂದೂವರೆ ಲಕ್ಷ ಕೊಟ್ಟಿದ್ದೆ. ಅವರನ್ನು ಕೂರಿಸಿ ಎಲ್ಲ ಹೇಳಿದೆ. ಒಬ್ಬೊಬ್ಬರಿಗೇ ಹೇಳುತ್ತಾ ಕೂತರೆ ಮುಗಿಯುವುದಿಲ್ಲ ಅಂತ ಇಲ್ಲಿ ಬರೆಯುತ್ತಿದ್ದೇನೆ.

ನನ್ನದು ಉಡುಪಿ ಕಡೆಯ ಒಂದು ಪೇಟೆಯಲ್ಲಿ ಸಣ್ಣ ಜೆರಾಕ್ಸ್ ಅಂಗಡಿ. ಪುರಸಭೆಯ ಮಳಿಗೆ, ಏಲಂನಲ್ಲಿ ಹಿಡಿದದ್ದು. ಊರಿನ ಹೆಸರು, ದುಡ್ಡು ತೆಗೆದುಕೊಂಡ ಮನುಷ್ಯನ ಹೆಸರು ಎರಡೂ ಇಲ್ಲಿ ಬೇಡ. ಮಳಿಗೆಗಳ ಹಿಂದೆ ಆರೇಳು ಸೆಂಟ್ಸ್ ಖಾಲಿ ಜಾಗ ಉಂಟು. ಮಳೆಗಾಲದಲ್ಲಿ ಕೆಸು ತುಂಬುತ್ತದೆ, ಉಳಿದ ದಿನ ನಾವು ಸ್ಕೂಟರ್ ನಿಲ್ಲಿಸುತ್ತೇವೆ. ಅದನ್ನು ಮಾರುತ್ತಾರಂತೆ ಅಂತ ಆ ವರ್ಷ ಪೇಟೆಯಲ್ಲಿ ಸುದ್ದಿ. ಪೂರ್ತಿ ಸುಳ್ಳು ಸುದ್ದಿಯೂ ಅಲ್ಲ. ಸಾಮಾನ್ಯ ಸಭೆಯಲ್ಲಿ ವಿಷಯ ಬಂದದ್ದು ಹೌದು.

ಆಗ ಬಂದವರು ಈ ಬ್ರೋಕರ್. ಪುರಸಭೆಯ ಜಗಲಿಯಲ್ಲಿ ದಿನಾ ಕಾಣುವ ಜನ. ಖಾತೆಯಾಗಲಿ, ಉದ್ದಿಮೆ ಪರವಾನಗಿಯಾಗಲಿ, "ಮಾಡಿಸಿ ಕೊಡ್ತೇನೆ ಬಿಡಿ" ಅನ್ನುವವರು. ಕಚೇರಿಯ ನೌಕರ ಅಲ್ಲ, ಸದಸ್ಯನೂ ಅಲ್ಲ. ನನ್ನ ಪರವಾನಗಿಯನ್ನು ವರ್ಷವರ್ಷ ಅವರೇ ನವೀಕರಣ ಮಾಡಿಸುತ್ತಿದ್ದರು. ನಾನೇ ಹೋಗಿ ಕಟ್ಟಬಹುದಿತ್ತು. ಉದಾಸೀನ.

"ಈಗ ಇರುವ ಬಾಡಿಗೆಯವರಿಗೇ ಮೊದಲ ಅವಕಾಶ. ನಿರ್ಣಯ ಆಗಿದೆ, ನೋಡಿ" ಅಂತ ಆ ಹಾಳೆ ಮುಂದಿಟ್ಟರು. "ಪಟ್ಟಿಯಲ್ಲಿ ಹೆಸರು ಬರಬೇಕಾದರೆ ಈಗಲೇ ಸ್ವಲ್ಪ ಇಡಬೇಕು. ನಾಳೆ ಹೊರಗಿನ ಪಾರ್ಟಿ ಬಂದರೆ ನನ್ನನ್ನು ಬೈಬೇಡಿ."

ಹೊರಗಿನ ಪಾರ್ಟಿ ಅನ್ನುವ ಮಾತು ಸಾಕಾಯಿತು. ಹಿಂದೆ ದೊಡ್ಡ ಕಾಂಪ್ಲೆಕ್ಸ್ ಎದ್ದರೆ ನಮ್ಮ ಸಾಲು ಅಂಗಡಿಗಳ ಕಥೆ ಎಂತ ಅಂತ ಎರಡು ರಾತ್ರಿ ನಿದ್ದೆ ಬರಲಿಲ್ಲ. ಹೆಂಡತಿ ಒಂದೇ ಪ್ರಶ್ನೆ ಕೇಳಿದಳು: "ರಶೀದಿ ಕೊಡ್ತಾರಾ?" "ಇದಕ್ಕೆಲ್ಲ ಯಾರು ರಶೀದಿ ಕೊಡ್ತಾರೆ?" ಅಂತ ನಾನೇ ಅವಳಿಗೆ ದಬಾಯಿಸಿದೆ. ಸೊಸೈಟಿಯಲ್ಲಿ ಅವಳದ್ದೇ ಬಳೆ ಅಡವಿಟ್ಟು ನಗದು ಕೊಟ್ಟೆ.

ಎಂಟು ತಿಂಗಳು "ಫೈಲ್ ಮೇಲೆ ಹೋಗಿದೆ" ಅನ್ನುವುದನ್ನೇ ಕೇಳಿದೆ. ಕೊನೆಗೆ ಪಕ್ಕದ ಟೈಲರ್ ಅಣ್ಣ ಹೇಳಿದ ಮೇಲೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. 10 ರೂಪಾಯಿಯ ಪೋಸ್ಟಲ್ ಆರ್ಡರ್. 30 ದಿನದೊಳಗೆ ಉತ್ತರ ಕೊಡಬೇಕು, ಅದಕ್ಕೂ ಮೊದಲೇ ಬಂತು. ನಾಲ್ಕು ಪುಟ, ಪುಟಕ್ಕೆ 2 ರೂಪಾಯಿಯಂತೆ 8 ರೂಪಾಯಿ. ಒಟ್ಟು 18 ರೂಪಾಯಿಗೆ ವಿಷಯ ಗೊತ್ತಾಯಿತು.

ಎರಡೂ ಹಾಳೆ ಪಕ್ಕಪಕ್ಕ ಇಟ್ಟೆ. ಮೇಲಿನ ಭಾಗ ಅಕ್ಷರಕ್ಕೆ ಅಕ್ಷರ ಒಂದೇ. ಆದರೆ ಕಚೇರಿಯಿಂದ ಬಂದ ಹಾಳೆಯಲ್ಲಿ ಕೆಳಗೆ ಇನ್ನೂ ಮೂರು ಸಾಲು ಇತ್ತು: ಸಾಧಕ ಬಾಧಕ ಪರಿಶೀಲಿಸಿ, ವಿಷಯವನ್ನು ಮುಂದಿನ ಸಭೆಗೆ ತರುವುದು ಅಂತ. ಬ್ರೋಕರ್ ಕೊಟ್ಟದ್ದರಲ್ಲಿ ಅದೇ ಜಾಗದಲ್ಲಿ ತೆಳ್ಳಗೆ ಒಂದು ಬೂದು ಗೆರೆ. ಹಾಳೆ ಮಡಚಿ ಗಾಜಿನ ಮೇಲಿಟ್ಟರೆ ಮಡಿಕೆಯ ಅಂಚು ಹಾಗೆ ಬೀಳುತ್ತದೆ. ಹದಿನಾಲ್ಕು ವರ್ಷದಿಂದ ಜೆರಾಕ್ಸ್ ಹೊಡೆಯುವ ನನಗೆ ಅದು ಕಾಣಲಿಲ್ಲ ಅಂದರೆ ನಂಬುತ್ತೀರಾ? ಆಸೆ ಇತ್ತು, ನೋಡಲಿಲ್ಲ.

ಸಭೆಯ ಕಾರ್ಯಸೂಚಿಯಲ್ಲಿ ವಿಷಯ ಬಂದರೆ ಅದು ನಿರ್ಣಯ ಅಲ್ಲ. ನಿರ್ಣಯ ಆದರೂ ಜಾಗ ಮಾರಾಟ ಆಯಿತು ಅಂತ ಅಲ್ಲ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಂತೆ ಪುರಸಭೆ ತನ್ನ ಜಾಗ ಮಾರಬೇಕಾದರೆ ಸರ್ಕಾರದ ಒಪ್ಪಿಗೆ ಬೇಕು. ಆಮೇಲೆ ಪ್ರಕಟಣೆ, ಬಹಿರಂಗ ಏಲಂ. ದುಡ್ಡು ಹೋಗುವುದು ಕಚೇರಿಯ ಖಾತೆಗೆ, ರಶೀದಿ ಇದ್ದೇ ಇರುತ್ತದೆ. ಮಂಗಳೂರಿನ ಪಾಲಿಕೆಗೆ 1976ರ ಬೇರೆ ಕಾಯ್ದೆ ಉಂಟು. ಆದರೆ ಅಲ್ಲೂ ಜಗಲಿಯಲ್ಲಿ ನಿಂತವರಿಗೆ ಸಾರ್ವಜನಿಕ ಜಾಗ ಮಾರಲು ಆಗುವುದಿಲ್ಲ. ಇನ್ನೊಂದು ವಿಷಯ ವಕೀಲರು ಹೇಳಿದ್ದು: ಜಾಗದ ವ್ಯವಹಾರಕ್ಕೆ 20,000 ರೂಪಾಯಿ ಅಥವಾ ಜಾಸ್ತಿ ನಗದು ತೆಗೆದುಕೊಳ್ಳುವುದಕ್ಕೇ ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶ ಇಲ್ಲ. ನಗದೇ ಬೇಕು ಅಂದಾಗಲೇ ನಾನು ಎದ್ದು ಬರಬೇಕಿತ್ತು.

ಕೇಳಿದಾಗ ಮೊದಲು 40 ಸಾವಿರ ವಾಪಸ್ ಕೊಟ್ಟರು. ಉಳಿದದ್ದು "ಮೇಲಿನವರಿಗೆ ಕೊಟ್ಟಾಗಿದೆ" ಅಂದರು. ಯಾವ ಮೇಲಿನವರೋ, ಇಲ್ಲವೇ ಇಲ್ಲವೋ. ಪೊಲೀಸ್ ಠಾಣೆಗೆ ಹೋದೆ. ಅಲ್ಲಿನ ಮೊದಲ ಪ್ರಶ್ನೆಗೇ ನನ್ನ ಬಾಯಿ ಕಟ್ಟಿತು: "ನೀವು ದುಡ್ಡು ಕೊಟ್ಟದ್ದು ಯಾಕೆ?" ಪಟ್ಟಿಯಲ್ಲಿ ಹೆಸರು ಸೇರಿಸಲು ಅಂದರೆ ಅದು ಲಂಚವೇ ಅಲ್ವಾ? ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದ ಮೇಲೆ ಲಂಚ ಕೊಡುವವನೂ ಅಪರಾಧಿ. ಒತ್ತಾಯಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ದೂರು ಕೊಡಬೇಕು. ನನ್ನದು ಎಂಟು ತಿಂಗಳು ದಾಟಿತ್ತು. ಠಾಣೆಯವರು ಬರೆದುಕೊಟ್ಟ ಹಿಂಬರಹ (ಲಿಖಿತ ಉತ್ತರ) ತೆಗೆದುಕೊಂಡು ಮನೆಗೆ ಬಂದೆ. ನಿಮಗೆ ಹೀಗೆ ಯಾರಾದರೂ ಕೇಳಿದರೆ ದುಡ್ಡು ಕೊಡುವ ಮೊದಲೇ ಲೋಕಾಯುಕ್ತಕ್ಕೆ ಹೋಗಿ. ಅಷ್ಟು ಧೈರ್ಯ ಇಲ್ಲದಿದ್ದರೆ ಪುರಸಭೆಯ ಮುಖ್ಯಾಧಿಕಾರಿ ಹತ್ತಿರ ನೇರ ಹೋಗಿ ಕೇಳಿ. ಕೇಳಲು ನಾಚಿಕೆ ಬೇಡ. ನಾನು ನಾಚಿಕೊಂಡೇ ಕೆಟ್ಟದ್ದು.

ಒಂದು ಲಕ್ಷದ ಹತ್ತು ಸಾವಿರ ಇನ್ನೂ ಬರಬೇಕು. ಬಳೆ ಬಿಡಿಸಿದ್ದು ಮೊನ್ನೆ ಅಷ್ಟಮಿಗೆ. ಹಿಂದಿನ ಜಾಗ ಹಾಗೆಯೇ ಉಂಟು, ಕೆಸು ಸಮೇತ.

ಕಳೆದ ವಾರ ಬಂದವರು ಆಗಲೇ 25 ಸಾವಿರ ಟೋಕನ್ ಅಂತ ಕೊಟ್ಟಾಗಿತ್ತು. ಉಳಿದದ್ದನ್ನು ಸೋಮವಾರ ಕೊಡುವುದಿತ್ತಂತೆ. ಕೊಡಲಿಲ್ಲ ಅಂತ ನಿನ್ನೆ ಫೋನ್ ಮಾಡಿದರು.