ಹಾಯಿಹಡಗಿನಲ್ಲಿ ‘ಸೆಕೆಂಡ್ ಆಫೀಸರ್’ ಕೆಲಸ ಅಂತ ಫೋನ್ ಬಂದ್ರೆ ಇದನ್ನ ಓದಿ ಆಮೇಲೆ ಮಾತಾಡಿ

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ಕಡೆಯ ಹುಡುಗರು, ಅದರಲ್ಲೂ ಸೆಕೆಂಡ್ ಮೇಟ್ ಸಿಒಸಿ (ಹಡಗಿನ ಆಫೀಸರ್ ಆಗೋಕೆ ಬೇಕಾದ ಅರ್ಹತಾ ಪತ್ರ) ಕೈಲಿಟ್ಕೊಂಡು ಹಡಗಿಗಾಗಿ ಕಾಯ್ತಾ ಕೂತಿರೋರು ದಯವಿಟ್ಟು ಪೂರ್ತಿ ಓದಿ. ಶಿರಸಿ ಕಡೆಯವರೂ ಓದಿ, ಅಡಿಕೆ ಮಾರಿದ ದುಡ್ಡು ಕೈಗೆ ಬರೋ ಹೊತ್ತಿಗೆ ಸರಿಯಾಗಿ ಹಡಗಿನ ಕೆಲಸ ಕೊಡಿಸ್ತೇವೆ ಅನ್ನೋ ಈ ಏಜೆಂಟರ ಫೋನ್ ಬರ್ತದೆ.

ಆಫರ್ ಹೀಗಿರ್ತದೆ: “ಕಾಲೇಜು ಮಕ್ಕಳಿಗೆ ಸೇಲಿಂಗ್ ಕಲಿಸೋ ಫಾರಿನ್ ಶಿಪ್. ಸೆಕೆಂಡ್ ಆಫೀಸರ್ ಪೋಸ್ಟ್. ಸೀ-ಟೈಮ್ ಸಿಗ್ತದೆ, ಫಸ್ಟ್ ಮೇಟ್ ಪರೀಕ್ಷೆಗೆ ನಡೀತದೆ.” (ಸೀ-ಟೈಮ್ ಅಂದ್ರೆ ಮುಂದಿನ ಪರೀಕ್ಷೆಗೆ ಲೆಕ್ಕಕ್ಕೆ ಬರೋ ಹಡಗಿನ ಸರ್ವಿಸ್.) ಈ ಆಫರಲ್ಲಿ ನಿಜ ಇದ್ದದ್ದು ಹಾಯಿ ಒಂದೇ.

ಮೊದಲು ಏಜೆಂಟಿನ ಪೋಸ್ಟರ್. ಅದರಲ್ಲಿದ್ದ ಫೋಟೋ ಐಎನ್‌ಎಸ್ ತರಂಗಿಣಿಯದು! ಮೂರು ಮಾಸ್ಟಿನ (ಹಾಯಿಕಂಬದ) ಬಾರ್ಕ್ ಅನ್ನೋ ಬಗೆಯ ಹಡಗು, ಮುಂದಿನ ಎರಡು ಮಾಸ್ಟಿಗೆ ಅಡ್ಡ ಯಾರ್ಡುಗಳು (ಹಾಯಿ ಕಟ್ಟೋ ತೊಲೆಗಳು), ಹಿಂದಿನದಕ್ಕೆ ಇಲ್ಲ. ಗೋವಾ ಶಿಪ್‌ಯಾರ್ಡಿನಲ್ಲಿ ಕಟ್ಟಿದ್ದು, 1997ರಲ್ಲಿ ನೌಕಾಪಡೆ ಸೇರಿದ್ದು. 2012ರಲ್ಲಿ ಬಂದ ಸುದರ್ಶಿನಿಯೂ ನೌಕಾಪಡೆಯದೇ. ಅಲ್ಲಿ ಆಫೀಸರ್ ಆಗಬೇಕಾದ್ರೆ ನೌಕಾಪಡೆ ಸೇರಬೇಕು, ಯಾವ ಏಜೆಂಟೂ ಅಲ್ಲಿಗೆ ಜನ ಕಳಿಸೋಕಾಗಲ್ಲ. 2025ರ ಮೇನಲ್ಲಿ, ಹಲಗೆಗಳನ್ನ ಹಗ್ಗದಿಂದ ಹೊಲಿದು ಕಟ್ಟಿದ ಹಾಯಿಹಡಗು ಕೌಂಡಿನ್ಯ ನಮ್ಮ ಕಾರವಾರದಲ್ಲೇ ನೌಕಾಪಡೆಗೆ ಸೇರಿತಲ್ಲ, ಅದರ ಹೆಸರನ್ನೂ ಈ ಏಜೆಂಟ್ ಬಿಟ್ಟಿಲ್ಲ. “ಈಗ ಹಾಯಿಹಡಗಿಗೇ ಡಿಮ್ಯಾಂಡು ಸಾರ್, ಪೇಪರ್ ನೋಡಿಲ್ವಾ?” ಅಂತಾನೆ. ಕೌಂಡಿನ್ಯಕ್ಕೂ ಇವನಿಗೂ ಎಂತ ಸಂಬಂಧ?

ದುಡ್ಡಿನ ಮಾತು. ಏಜೆಂಟ್ ತಗೊಂಡದ್ದು ₹1,80,000. ರಸೀದಿಯಲ್ಲಿ ಬರೆದದ್ದು ‘ಟ್ರೇನಿಂಗ್ ಫೀಸ್’. ಹಾಗೆ ಬರೆಯೋದಕ್ಕೆ ಕಾರಣ ಇದೆ. ಎಂಎಲ್‌ಸಿ 2006 (ಹಡಗಿನ ಕೆಲಸಗಾರರ ಹಕ್ಕಿನ ಅಂತರರಾಷ್ಟ್ರೀಯ ಒಪ್ಪಂದ) ಪ್ರಕಾರ ಕೆಲಸ ಕೊಡಿಸೋದಕ್ಕೆ ಸೀಫೇರರ್ ಹತ್ರ ಒಂದು ಪೈಸೆ ತಗೊಳ್ಳೋ ಹಾಗಿಲ್ಲ. ಮೆಡಿಕಲ್ ಸರ್ಟಿಫಿಕೇಟು, ಸಿಡಿಸಿ (ನಾವಿಕರ ಸರ್ವಿಸ್ ಪುಸ್ತಕ), ಪಾಸ್‌ಪೋರ್ಟು, ಇಷ್ಟರ ಖರ್ಚು ಮಾತ್ರ ನಮ್ಮದು. ವೀಸಾ ಖರ್ಚು ಕೂಡ ಹಡಗಿನ ಮಾಲೀಕನದು. ಭಾರತ ಇದನ್ನ 2015ರಲ್ಲೇ ಒಪ್ಪಿದೆ. ಇದನ್ನ ಹೇಳಿದ್ರೆ ಬಂದ ಉತ್ತರ: “ರೂಲ್ಸ್ ಓದ್ತಾ ಕೂತ್ರೆ ಹಡಗು ಹೋಗ್ತದೆ ಸಾರ್.” ಆರ್‌ಪಿಎಸ್‌ಎಲ್ ನಂಬರ್ (ಹಡಗಿಗೆ ಜನ ಕಳಿಸೋ ಕಂಪನಿಗೆ ಸರ್ಕಾರ ಕೊಡೋ ಲೈಸೆನ್ಸ್ ನಂಬರ್) ಕೇಳಿದ್ರೆ ಒಂದು ನಂಬರ್ ಕೊಟ್ಟರು. ಅದು ಮುಂಬೈನ ಬೇರೇನೇ ಕಂಪನಿಯದು. “ಅದು ನಮ್ಮ ಹೆಡ್ ಆಫೀಸು.” ಆ ಕಂಪನಿಗೆ ಕೇಳಿದ್ರೆ, ಕಾರವಾರದಲ್ಲಿ ನಮ್ಮ ಯಾವ ಆಫೀಸೂ ಇಲ್ಲ ಅಂದ್ರು.

ವೀಸಾ ಟೂರಿಸ್ಟ್ ವೀಸಾ. ಜತೆಗೆ ಒಂದು ಹೋಟೆಲ್ ಬುಕಿಂಗ್. “ಇಮಿಗ್ರೇಷನ್ನಲ್ಲಿ ಕೆಲಸ ಅನ್ಬೇಡಿ, ಸುತ್ತಾಡೋಕೆ ಅನ್ನಿ.” ಆಫೀಸರ್ ಅಂತ ಕರೆಸ್ಕೊಂಡವನು ಸುತ್ತಾಡೋಕೆ ಬಂದಿದ್ದೇನೆ ಅನ್ನಬೇಕಂತೆ.

ಹಡಗು ಮೆಡಿಟರೇನಿಯನ್ನಿನ ಒಂದು ಮರೀನಾದಲ್ಲಿತ್ತು. ಬಾರ್ಕ್ ಅಲ್ಲ, ಎರಡು ಮಾಸ್ಟಿನ ಸ್ಕೂನರ್, ಮುಂದಿನ ಮಾಸ್ಟಿಗೆ ಒಂದೇ ಯಾರ್ಡ್. ಇರಲಿ, ಸ್ಕೂನರ್ ಆದ್ರೆ ಕೆಲಸ ಕಮ್ಮಿ ಅಂತೇನಿಲ್ಲ. ಸರಿಯಾದ ಸೇಲ್ ಟ್ರೇನಿಂಗ್ ಹಡಗಿನಲ್ಲಿ ಸಾಮಾನ್ಯವಾಗಿ ಮೂರು ವಾಚ್ (ಕಾವಲು ಪಾಳಿ), ನಾಲ್ಕು ಗಂಟೆ ಕೆಲಸ, ಎಂಟು ಗಂಟೆ ಬಿಡುವು. ಮಕ್ಕಳನ್ನೂ ಮೂರು ವಾಚಿಗೆ ಹಂಚ್ತಾರೆ. ಯಾರಾದ್ರೂ ಮಾಸ್ಟ್ ಹತ್ತೋ ಮೊದಲು ಮೇಟ್ ಹಾರ್ನೆಸ್ ನೋಡ್ಬೇಕು, ರೇಡಾರ್ ನಿಲ್ಲಿಸ್ಬೇಕು, ಹತ್ತಿದೋರ ಎಣಿಕೆ ಇಳಿದೋರ ಎಣಿಕೆ ಎರಡೂ ಬರೀಬೇಕು. ಇಲ್ಲಿ ಆಫೀಸರ್ ಇದ್ದದ್ದೇ ಇಬ್ಬರು, ಅಂದ್ರೆ ಆರು ಗಂಟೆ ವಾಚು, ಆರು ಗಂಟೆ ಬಿಡುವು. ಬಿಡುವಿನಲ್ಲೇ ಮಕ್ಕಳ ಕ್ಲಾಸು, ಹಾಯಿ ಇಳಿಸೋದು, ಆಂಕರ್ ಕಾಯೋದು. ನಿಯಮ ಅಂದ್ರೆ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ ವಿಶ್ರಾಂತಿ, ಹೆಚ್ಚಂದ್ರೆ ಎರಡು ಭಾಗ, ಅದರಲ್ಲಿ ಒಂದು 6 ಗಂಟೆಗೆ ಕಮ್ಮಿ ಇರಬಾರದು, ವಾರಕ್ಕೆ 77 ಗಂಟೆ. ತಿಂಗಳ ಕೊನೆಗೆ ವಿಶ್ರಾಂತಿ ಶೀಟ್ ಬರ್ತಿತ್ತು, ಎಲ್ಲಾ ಚೌಕನೂ ಮೊದಲೇ ತುಂಬಿ. ಸಹಿ ಮಾತ್ರ ಹಾಕಬೇಕು.

ಲೈಫ್‌ರಾಫ್ಟ್ (ಹಡಗು ಮುಳುಗಿದ್ರೆ ಉಬ್ಬಿ ಜೀವ ಉಳಿಸೋ ತೆಪ್ಪ) ಬಗ್ಗೆ ಬರೀಲೇಬೇಕು, ಇಂಥ ಹಡಗು ಹತ್ತೋರು ಮೊದಲು ನೋಡ್ಬೇಕಾದ್ದು ಅದನ್ನ. ರಾಫ್ಟನ್ನ ಹಡಗಿಗೆ ಕಟ್ಟೋ ಪೇಂಟರ್ ಹಗ್ಗ, ಹೈಡ್ರೋಸ್ಟ್ಯಾಟಿಕ್ ರಿಲೀಸ್ (ನೀರಿನ ಒತ್ತಡಕ್ಕೆ ತಾನೇ ಬಿಚ್ಚೋ ಯೂನಿಟ್) ಇದರ ವೀಕ್ ಲಿಂಕ್‌ಗೆ, ಅಂದ್ರೆ ತೆಳು ಕೊಂಡಿಗೆ ಕಟ್ಟಿರ್ಬೇಕು. ಹಡಗು ಮುಳುಗಿದಾಗ 4 ಮೀಟರ್ ಆಳದೊಳಗೆ ಯೂನಿಟ್ ಬಿಚ್ಕೊಳ್ತದೆ, ರಾಫ್ಟ್ ಮೇಲೆ ತೇಲ್ತದೆ, ಪೇಂಟರ್ ಬಿಗಿಯಾಗಿ ರಾಫ್ಟ್ ಉಬ್ತದೆ, ಆಮೇಲೆ ಆ ತೆಳು ಕೊಂಡಿ ಕಡೀತದೆ. ಇಲ್ಲಿ ಪೇಂಟರನ್ನ ನೇರವಾಗಿ ಡೆಕ್ಕಿನ ಕಬ್ಬಿಣದ ಕಣ್ಣಿಗೆ, ದೋಣಿಗೆ ಬಲೆ ಕಟ್ಟಿದ ಹಾಗೆ ಗಟ್ಟಿ ಗಂಟು ಹಾಕಿ ಕಟ್ಟಿದ್ರು. ಅಂದ್ರೆ ಉಬ್ಬಿದ ರಾಫ್ಟೂ ಹಡಗಿನ ಜತೆ ತಳಕ್ಕೆ. ಯೂನಿಟ್ ಬಳಕೆ ಎರಡು ವರ್ಷ, ಅದರ ಲೇಬಲ್ ಮೇಲೆ ಅವಧಿ ಮುಗಿಯೋ ತಿಂಗಳು, ವರ್ಷಕ್ಕೆ ಗುರುತು ಹಾಕಬೇಕು. ಒಂದು ಗುರುತೂ ಇಲ್ಲ. ಕೇಳಿದ್ರೆ ಕ್ಯಾಪ್ಟನ್: “ಮೊನ್ನೆ ತಾನೇ ಬಣ್ಣ ಹೊಡ್ದಿದ್ದೀವಿ.” ಬಣ್ಣ!

ಸರಿ, ಮೋಸ ಅಂತ ಪೂರ್ತಿ ಗೊತ್ತಾದದ್ದು ಸೈನ್-ಆಫ್ ದಿನ, ಅಂದ್ರೆ ಕೆಲಸ ಮುಗಿಸಿ ಹಡಗು ಇಳಿಯೋ ದಿನ. ಸರ್ವಿಸ್ ಲೆಟರ್ ಒಂದೇ ಹಾಳೆ. ಮೇಲೆ ನೀಲಿ ಬಣ್ಣದ ಲಾಂಛನ, ಕೆಳಗೆ ಸಹಿ, ಚಂದದ ಸೀಲು. ಹುದ್ದೆ: ವಾಲಂಟಿಯರ್ ಕ್ರೂ. ಹಡಗಿನ ಬಗೆ: ಪ್ಲೆಷರ್ ಯಾಟ್ (ಮೋಜಿನ ಹಡಗು). ಗ್ರಾಸ್ ಟನ್ನೇಜ್: 94. ಮೂರು ಸಾಲು. ಸೆಕೆಂಡ್ ಆಫೀಸರ್ ಅಂತ ಎಲ್ಲೂ ಇಲ್ಲ. ವಾಚ್‌ಕೀಪಿಂಗ್ ಅನ್ನೋ ಪದವೇ ಇಲ್ಲ. ಹಿಂದೆ ತಿರುಗಿಸಿ ನೋಡಿದ್ರೂ ಖಾಲಿ. ಮನೆಯವರ ಹತ್ರ, ಊರಲ್ಲಿ, ‘ಆಫೀಸರ್’ ಅಂತ ಹೇಳಿಕೊಂಡು ಹೋದವನ ಕೈಗೆ ವಾಲಂಟಿಯರ್ ಅಂತ ಕಾಗದ. ಇದನ್ನ ಯಾರಿಗೆ ತೋರಿಸೋದು?

ಇದು ಎಂತಕೆ ಲೆಕ್ಕಕ್ಕಿಲ್ಲ ಅಂದ್ರೆ: ಎಸ್‌ಟಿಸಿಡಬ್ಲ್ಯೂ (ನಾವಿಕರ ತರಬೇತಿ, ಅರ್ಹತೆಯ ಅಂತರರಾಷ್ಟ್ರೀಯ ಒಪ್ಪಂದ) ಪ್ರಕಾರ ಚೀಫ್ ಮೇಟ್, ಅಂದ್ರೆ ಫಸ್ಟ್ ಮೇಟ್ ಆಗೋಕೆ ಕನಿಷ್ಠ 12 ತಿಂಗಳ ಸರ್ವಿಸ್ ಬೇಕು. ಅದು 500 ಜಿಟಿ (ಗ್ರಾಸ್ ಟನ್ನೇಜ್, ಹಡಗಿನ ಗಾತ್ರದ ಲೆಕ್ಕ) ಅಥವಾ ಮೇಲ್ಪಟ್ಟ ಹಡಗಿನ ವಾಚ್ ಆಫೀಸರ್ ಹುದ್ದೆಯಲ್ಲೇ ಆಗಿರಬೇಕು, ಅನುಮೋದಿತ ಸರ್ವಿಸ್ ಆಗಿರಬೇಕು. ವ್ಯಾಪಾರಕ್ಕೆ ಇಲ್ಲದ ಪ್ಲೆಷರ್ ಯಾಟ್‌ಗೆ ಆ ಒಪ್ಪಂದವೇ ಅನ್ವಯಿಸಲ್ಲ. ಮೀನುಗಾರಿಕೆ ಹಡಗಿಗೂ ಇಲ್ಲ, ಹಳೇ ರೀತಿಯ ಮರದ ಹಡಗಿಗೂ ಇಲ್ಲ. ಇನ್ನೊಂದು ಗುಟ್ಟು, ಇದನ್ನ ಯಾರೂ ಹೇಳಲ್ಲ: ಪರದೇಶದ ಧ್ವಜದ ಹಡಗಿನಲ್ಲಿ ನಿಮ್ಮ ಭಾರತದ ಸಿಒಸಿ ನಡೀಬೇಕಾದ್ರೆ ಆ ಧ್ವಜದ ದೇಶ ಎಂಡಾರ್ಸ್‌ಮೆಂಟ್ (ಮಾನ್ಯತೆ ಪತ್ರ) ಕೊಡಬೇಕು. ಅರ್ಜಿ ಹಾಕಿದ ರಸೀದಿ ಇದ್ರೆ ಮೂರು ತಿಂಗಳವರೆಗೆ ನಡೀತದೆ. ಅವರು ನಿಮ್ಮ ಸಿಒಸಿ ಪ್ರತಿ ತಗೊಂಡು, ಎಂಡಾರ್ಸ್‌ಮೆಂಟ್ ಅರ್ಜಿ ಮಾತೇ ಎತ್ತಿಲ್ಲ ಅಂದ್ರೆ ಅವರ ಲೆಕ್ಕದಲ್ಲಿ ನೀವು ಆಫೀಸರೇ ಅಲ್ಲ. ಮೊದಲ ದಿನದಿಂದಲೂ ಅಲ್ಲ.

ವಾಪಸ್ ಬಂದು ಏಜೆಂಟಿಗೆ ಕೇಳಿದಾಗ ಬಂದ ಉತ್ತರಗಳು, ಇದ್ದ ಹಾಗೇ ಬರೀತೇನೆ:

“ಸೀ-ಟೈಮ್ ಅಂದ್ರೆ ಸಮುದ್ರದಲ್ಲಿದ್ದ ಟೈಮ್. ನೀವು ಸಮುದ್ರದಲ್ಲೇ ಇದ್ರಲ್ಲ ಸಾರ್?”

“ಹಡಗಲ್ಲಿ ಎಲ್ರೂ ಆಫೀಸರ್ ಅಂತಾನೇ ಕರೀತಿದ್ರಲ್ಲ.”

ಆಮೇಲೆ ಒಂದಿಷ್ಟು ದಿನ ಫೋನ್ ಎತ್ತಲಿಲ್ಲ. ಎತ್ತಿದ ಮೇಲೆ, “ಲೆಟರಲ್ಲಿ ರ‍್ಯಾಂಕ್ ಚೇಂಜ್ ಮಾಡ್ಸಿ ಕೊಡ್ತೇವೆ, ₹25,000 ಆಗ್ತದೆ.” ನೋಡಿ, ಮೊದಲು ಮೋಸ, ಆಮೇಲೆ ಅದಕ್ಕೆ ತೇಪೆ ಹಾಕೋದಕ್ಕೂ ದುಡ್ಡು. ಇದಕ್ಕೆ ಯಾರೂ ಒಪ್ಪಬೇಡಿ. ಸುಳ್ಳು ಸರ್ವಿಸ್ ಲೆಟರ್ ಕೊಟ್ಟು ಸಿಕ್ಕಿಬಿದ್ರೆ ಹೋಗೋದು ನಿಮ್ಮ ಸಿಒಸಿ, ಅವನದೇನೂ ಹೋಗಲ್ಲ.

ಕೇಳೋದೇ ಆದ್ರೆ ಹಣಕ್ಕೆ ಮೊದಲು ಕೇಳಿ: ರಿಜಿಸ್ಟ್ರಿ ಸರ್ಟಿಫಿಕೇಟ್ ಪ್ರತಿ (ಅದರಲ್ಲಿ ಹಡಗಿನ ಬಗೆ ನೋಡಿ), ಟನ್ನೇಜ್ ಸರ್ಟಿಫಿಕೇಟ್, ನಿಮ್ಮ ಹುದ್ದೆ ಬರೆದ ಎಂಪ್ಲಾಯ್‌ಮೆಂಟ್ ಅಗ್ರಿಮೆಂಟ್, ಅದೂ ಮಾಲೀಕನ ಸಹಿ ಇರೋದು. ಆರ್‌ಪಿಎಸ್‌ಎಲ್ ಪಟ್ಟಿ ಡಿಜಿ ಶಿಪ್ಪಿಂಗ್ (ಹಡಗು ವ್ಯವಹಾರ ನೋಡೋ ಕೇಂದ್ರ ಸರ್ಕಾರದ ಕಚೇರಿ) ವೆಬ್‌ಸೈಟಲ್ಲಿದೆ. ನಂಬರ್ ಇದ್ರೆ ಸಾಲದು, ಹೆಸರು ಹೊಂದ್ಬೇಕು, ಲೈಸೆನ್ಸ್ ಚಾಲ್ತಿ ಇರ್ಬೇಕು. ಸೈನ್-ಆನ್ ಆದ್ಮೇಲೆ (ಹಡಗಿನ ಕೆಲಸಕ್ಕೆ ಸೇರಿದ್ಮೇಲೆ) ಇಂಡೋಸ್ ನಂಬರ್, ಅಂದ್ರೆ ನಾವಿಕರ ಸರ್ಕಾರಿ ಗುರುತಿನ ನಂಬರ್ ಹಾಕಿ ನಿಮ್ಮ ಪ್ರೊಫೈಲಲ್ಲಿ ನೀವೇ ನೋಡಿ. ಅಲ್ಲಿ ಕಾಣದಿದ್ರೆ ಮೊದಲ ವಾರವೇ ಗಲಾಟೆ ಮಾಡಿ, ಸೈನ್-ಆಫ್‌ವರೆಗೆ ಕಾಯ್ಬೇಡಿ. ಟೂರಿಸ್ಟ್ ವೀಸಾ ಅಂದ ಕೂಡ್ಲೇ ಎದ್ದು ಬನ್ನಿ, ಚಾ ಕೂಡ ಕುಡೀಬೇಡಿ.

ಈಗಾಗಲೇ ದುಡ್ಡು ಕೊಟ್ಟವರು ರಸೀದಿ, ವಾಟ್ಸ್ಯಾಪ್ ಮೆಸೇಜು, ಯುಪಿಐ ಸ್ಕ್ರೀನ್‌ಶಾಟ್ ಒಂದೂ ಅಳಿಸಬೇಡಿ. ಡಿಜಿ ಶಿಪ್ಪಿಂಗ್‌ಗೂ ಬರೀರಿ, ಊರಿನ ಠಾಣೆಯಲ್ಲೂ ಕೊಡಿ. “ನಾಳೆ ವಾಪಸ್ ಹಾಕ್ತೇವೆ” ಅನ್ನೋ ಮಾತಿಗೆ ಕೂರಬೇಡಿ, ಆ ನಾಳೆ ಇನ್ನೂ ಬಂದಿಲ್ಲ.

‘ಸೀ-ಟೈಮ್ ಸ್ಟ್ಯಾಂಪ್ ಹಾಕ್ಸಿ ಕೊಡ್ತೇವೆ’ ಅಂತ ಏಜೆಂಟ್ ಕಡೆಯವರು ಮೂಲ ಸಿಡಿಸಿ ಇಟ್ಕೊಂಡಿದ್ದಾರಲ್ಲ, ಅವರ ಆಫೀಸಿನ ಟೇಬಲ್ ಡ್ರಾಯರಲ್ಲಿ ಒಂದು ಕಟ್ಟೇ ಇದೆ. ನಿಮ್ಮದೂ ಅದರಲ್ಲಿದ್ರೆ ಇವತ್ತೇ ಹೋಗಿ ತಗೊಳ್ಳಿ. ಬೆಳಿಗ್ಗೆ ಬೀಗ ಇರ್ತದೆ, ಸಂಜೆ 4ರ ಮೇಲೆ ಹೋದ್ರೆ ಸಿಗ್ತಾರೆ.