ಅಳಿಸಲಿಕ್ಕೆ ಹೋದರೆ ಡಿಸ್ಕ್ ತುಂಬಿತು: ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ 2022, ಎರಡು ವರ್ಷ ಬಳಸಿದ ಮೇಲೆ

ಕಲಬುರಗಿಯ ನೆಹರು ಗಂಜ್ ಹತ್ತಿರದ ತೊಗರಿ ಬ್ಯಾಳಿ ಮಿಲ್ಲೊಂದರಲ್ಲಿ ಲೆಕ್ಕಪತ್ರ, ಕಂಪ್ಯೂಟರ್ ಎರಡೂ ನನ್ನ ಜವಾಬ್ದಾರಿ. ಬಿಲ್ಲು, ಸ್ಟಾಕು, ಲಾರಿ ಕಾಟಾದ ತೂಕ ಎಲ್ಲವೂ ಮೈಕ್ರೋಸಾಫ್ಟ್‌ನ ಈ ಡೇಟಾಬೇಸ್ (ಮಾಹಿತಿ ಕೂಡಿಡುವ) ಸಾಫ್ಟ್‌ವೇರ್‌ನಲ್ಲೇ ಇವೆ. ಪುಕ್ಕಟೆ ಆವೃತ್ತಿ, ಆದರೂ ಸೇವ್ ಆದ ಒಂದು ಬಿಲ್ಲೂ ಇಲ್ಲಿವರೆಗೆ ಕಳೆದಿಲ್ಲ.

ಇದರಲ್ಲಿ ಒಂದು ಡೇಟಾಬೇಸ್‌ಗೆ 10 ಜಿಬಿ ಮಿತಿ. ಪ್ರತಿ ಬದಲಾವಣೆಯನ್ನೂ ಬರೆದಿಡುವ ಲಾಗ್ ಫೈಲ್ ಆ ಲೆಕ್ಕಕ್ಕೆ ಬರುವುದಿಲ್ಲ. ಕಳೆದ ಸುಗ್ಗಿಯಲ್ಲಿ ನಮ್ಮದು 9 ದಾಟಿತ್ತು. ಕಾಟಾದ ಹಳೆಯ 62 ಲಕ್ಷ ಸಾಲುಗಳನ್ನು ತೆಗೆಯೋಣ ಎಂದು ಮಧ್ಯಾಹ್ನ ಒಂದೇ ಡಿಲೀಟ್ ಕ್ವೆರಿ (ಅಳಿಸುವ ಆದೇಶ) ಕೊಟ್ಟೆ. ಸ್ವಲ್ಪ ಹೊತ್ತಿಗೆ ಕೌಂಟರ್ ಹುಡುಗ ಓಡಿ ಬಂದ: "ಸರ, ಬಿಲ್ ಸೇವ್ ಆಗವಲ್ದ್ರಿ. ಹೊರಗ ಆರು ಲಾರಿ ನಿಂತಾವ." ಡ್ರೈವ್‌ನಲ್ಲಿ ಉಳಿದಿದ್ದ 12 ಜಿಬಿಯನ್ನು ಲಾಗ್ ಫೈಲೇ ನುಂಗಿತ್ತು. ಪರದೆಯ ಮೇಲೆ 9002 ಎರರ್, ಅಂದರೆ ಲಾಗ್ ತುಂಬಿದೆ ಎಂದು. ಡಿಲೀಟ್ ಅಲ್ಲಿಗೇ ನಿಂತು, ಅಳಿಸಿದ್ದನ್ನೆಲ್ಲ ವಾಪಸ್ ತರಲು ಶುರು ಮಾಡಿತು.

ಡಿಲೀಟ್ ಒಂದೊಂದು ಸಾಲನ್ನೂ ಲಾಗ್‌ನಲ್ಲಿ ಬರೆದಿಡುತ್ತದೆ, ಆ ಟೇಬಲ್‌ನ ಮೂರು ಇಂಡೆಕ್ಸ್‌ಗಳ (ಬೇಗ ಹುಡುಕಲು ಇರುವ ಸೂಚಿಗಳ) ನಮೂದುಗಳನ್ನೂ ಬಿಡುವುದಿಲ್ಲ. ರದ್ದಾದರೆ ಹಿಂದಕ್ಕೆ ತರಬೇಕಲ್ಲ, ಅದಕ್ಕೂ ಲಾಗ್‌ನಲ್ಲೇ ಜಾಗ ಕಾದಿರಿಸುತ್ತದೆ. ವ್ಯವಹಾರ (ಟ್ರಾನ್ಸಾಕ್ಷನ್, ಅಂದರೆ ಒಟ್ಟಿಗೆ ನಡೆಯುವ ಬದಲಾವಣೆ) ಕಮಿಟ್ ಆಗುವವರೆಗೆ, ಅಂದರೆ ಖಾಯಂ ಆಗುವವರೆಗೆ, ಅಲ್ಲಿಂದ ಮುಂದಿನ ಲಾಗ್ ಖಾಲಿ ಆಗುವ ಮಾತೇ ಇಲ್ಲ. ಲಾಗ್ ಬ್ಯಾಕಪ್ ಇಲ್ಲದೆಯೇ ಲಾಗ್ ತಾನಾಗಿ ಖಾಲಿ ಆಗುವ ಸಿಂಪಲ್ ರಿಕವರಿಗೆ ಬದಲಿಸಿದರೆ ಸಾಕು ಅನ್ನುತ್ತಾರೆ. ಸಾಲದು. ಒಂದೇ ದೊಡ್ಡ ವ್ಯವಹಾರ ಇದ್ದರೆ ಅಲ್ಲೂ ಇದೇ ಗತಿ. ಇಡೀ ಟೇಬಲ್ ಒಮ್ಮೆಗೇ ಖಾಲಿ ಮಾಡುವ ಟ್ರಂಕೇಟ್ ಆದೇಶ ಆದರೆ ಬಿಟ್ಟುಕೊಟ್ಟ 8 ಕೆಬಿ ಪುಟಗಳ ಲೆಕ್ಕವನ್ನಷ್ಟೇ ಬರೆಯುತ್ತದೆ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತದೆ. ಆದರೆ ಅದಕ್ಕೆ ತಾರೀಖಿನ ಷರತ್ತು ಹಾಕಲಾಗದು, ನನಗೆ ಈ ವರ್ಷದ ತೂಕ ಉಳಿಯಲೇಬೇಕಿತ್ತು. ತಿಂಗಳ ವರದಿಗೆಂದು ಇಡೀ ಟೇಬಲ್ ಓದುವ ಸೆಲೆಕ್ಟ್‌ನಿಂದ ಮಾತ್ರ ಈ ಲಾಗ್ ಬೆಳೆದದ್ದು ಕಂಡಿಲ್ಲ.

ಈ ಸಾಫ್ಟ್‌ವೇರ್ ನನಗೆ ಇಷ್ಟವಾಗುವುದೇ ಇಲ್ಲಿ: ಕೇಳಿದರೆ ಕಾರಣ ಹೇಳುತ್ತದೆ. ಡೇಟಾಬೇಸ್‌ಗಳ ವಿವರ ಕೊಡುವ ಸಿಸ್ ಡೇಟಾಬೇಸಸ್‌ನಲ್ಲಿ 'ಲಾಗ್ ರೀಯೂಸ್ ವೇಟ್ ಡೆಸ್ಕ್' ಎಂಬ ಕಾಲಂ ಇದೆ, ಲಾಗ್ ಏಕೆ ಖಾಲಿ ಆಗುತ್ತಿಲ್ಲ ಎಂಬುದು ಅದರಲ್ಲಿ ಇರುತ್ತದೆ. ಅವತ್ತು ಅಲ್ಲಿ 'ಆಕ್ಟಿವ್ ಟ್ರಾನ್ಸಾಕ್ಷನ್' ಎಂದಿತ್ತು. ಎಲ್ಲ ವಾಪಸ್ ಬಂದ ಮೇಲೆ ನೋಡಿದರೆ 'ಲಾಗ್ ಬ್ಯಾಕಪ್', ಅಂದರೆ ಬ್ಯಾಕಪ್‌ಗೆ ಕಾಯುತ್ತಿದೆ. ಹೊರಗಿನ ಹಾರ್ಡ್ ಡಿಸ್ಕ್‌ಗೆ ಲಾಗ್ ಬ್ಯಾಕಪ್ ತೆಗೆದೆ, ಫೈಲ್ ಶ್ರಿಂಕ್ ಮಾಡಿದೆ (ಕುಗ್ಗಿಸಿದೆ), ಬಿಲ್ಲು ಹೊರಟವು. ಲಾರಿಯವರು ಅಷ್ಟು ಹೊತ್ತು ಕಾದರು, ಅದು ಇನ್ನೂ ಮನಸ್ಸಿಗೆ ಚುಚ್ಚುತ್ತದೆ.

ಮುಂದಿನ ಭಾನುವಾರ ಅದೇ ಕೆಲಸವನ್ನು ಸಲಕ್ಕೆ 4,000 ಸಾಲಿನಂತೆ ಮಾಡಿದೆ. ಪ್ರತಿ ಸಲ ಕಮಿಟ್, ನೂರು ಸಲಕ್ಕೊಮ್ಮೆ ಲಾಗ್ ಬ್ಯಾಕಪ್. ಲಾಗ್ 1 ಜಿಬಿ ದಾಟಲಿಲ್ಲ.

ಒಂದು ಸ್ಟಾರ್ ಕಡಿಮೆ ಮಾಡಿ ನಾಲ್ಕು ಕೊಡುತ್ತೇನೆ. ಎಕ್ಸ್‌ಪ್ರೆಸ್‌ನಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಏಜೆಂಟ್ ಇಲ್ಲ, ಬ್ಯಾಕಪ್ ವೇಳಾಪಟ್ಟಿ ನಾವೇ ಕಟ್ಟಿಕೊಳ್ಳಬೇಕು. ನಾನು ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ಗೆ ಹಾಕಿದ್ದೇನೆ, ಅರ್ಧ ಗಂಟೆಗೊಮ್ಮೆ ಓಡುತ್ತದೆ.